‘ಮೈ ಫಾದರ್ ಈಸ್ ಎ ಫಾರ್ಮರ್’: ಜುವಾರಿನಗರದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಗೋವಾದ ವಾಸ್ಕೋದಲ್ಲಿ ಕನ್ನಡ ಸಂಘವೊಂದು ಬಿಟ್ಟುಕೊಟ್ಟಿರುವ ಕೋಣೆಯಲ್ಲಿ ಸಂಜೆ ಹೊತ್ತು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಬರುವವರು ಚಿಕ್ಕ ಮಕ್ಕಳಲ್ಲ. ಬಂದರಿನಲ್ಲಿ, ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ದುಡಿದು, ಮುಖ ತೊಳೆದುಕೊಂಡು ಬರುವವರು. ಅವರಲ್ಲಿ ಒಬ್ಬಳ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಕಲಿಸುವ ಎಲ್ಲ ಪುಸ್ತಕಗಳೂ ಸುಲಭವೆಂದು ಮೊದಲಿಗೇ ಇಡುವ ‘ನನ್ನ ಕುಟುಂಬ’, ‘ನನ್ನ ಗೆಳತಿ’ ಎಂಬ ಪಾಠಗಳೇ ಅವಳಿಗೆ ಎಲ್ಲಕ್ಕಿಂತ ಕಠಿಣವಾಗಿದ್ದವು. ಆ ಕಷ್ಟದಲ್ಲಿ ಅರ್ಧ ಪಾಲು ವ್ಯಾಕರಣದ್ದು. ಉಳಿದರ್ಧ ಆ ಪಾಠವನ್ನು ಕಟ್ಟಿದ ರೀತಿಯದು ಎಂಬುದು ನನ್ನ ಅಭಿಪ್ರಾಯ. ಅವಳ ಒಪ್ಪಿಗೆ ಪಡೆದಿದ್ದೇನೆ, ಹೆಸರು ಮಾತ್ರ ಬರೆಯುವುದಿಲ್ಲ.

ವಯಸ್ಸು ಇಪ್ಪತ್ತೆರಡು. ತಂದೆ ತಾಯಿ ಗದಗ ಜಿಲ್ಲೆಯ ರೋಣದ ಕಡೆಯವರು, ಅವಳು ಹುಟ್ಟುವ ಮೊದಲೇ ಗೋವಾಕ್ಕೆ ಬಂದವರು. ಮನೆ ಜುವಾರಿನಗರದಲ್ಲಿ, ರಸಗೊಬ್ಬರದ ಕಾರ್ಖಾನೆಯ ಆಸುಪಾಸಿನಲ್ಲಿ ಬೆಳೆದ ವಸತಿಯಲ್ಲಿ. 2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆಯಲ್ಲಿ ಕನ್ನಡ ತಾಯ್ನುಡಿಯವರು ಶೇ 4ಕ್ಕಿಂತ ಹೆಚ್ಚು. ಈ ವಸತಿಯ ಓಣಿಗಳಲ್ಲಿ ನಡೆದರೆ ಆ ಅಂಕಿ ತೀರಾ ಕಡಿಮೆ ಹೇಳುತ್ತಿದೆ ಎನಿಸುತ್ತದೆ. ಹುಡುಗಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಮಾರುಕಟ್ಟೆಯಲ್ಲಿ ಕೊಂಕಣಿ ಆಡುತ್ತಾಳೆ. ಪ್ರಾಥಮಿಕ ಶಾಲೆ ಕನ್ನಡದಲ್ಲಿ, ಪ್ರೌಢಶಾಲೆ ಇಂಗ್ಲಿಷ್‌ನಲ್ಲಿ ಓದಿದಳು. ಇದು ಗೋವಾದಲ್ಲಿ ಒಂದು ತಲೆಮಾರಿನ ಮಕ್ಕಳ ಸಾಮಾನ್ಯ ಕಥೆ. ಪ್ರಾಥಮಿಕ ಹಂತದಲ್ಲಿ ಪ್ರಾದೇಶಿಕ ಭಾಷೆಗಳ ಶಾಲೆಗಳಿಗಷ್ಟೇ ಅನುದಾನ ಎಂದು 1990ರಲ್ಲಿ ಸರ್ಕಾರ ತೀರ್ಮಾನಿಸಿತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನದ ಬಾಗಿಲು ತೆರೆಯಿತು. ನಡುವಿನ ವರ್ಷಗಳಲ್ಲಿ ಓದಿದ ಬಡವರ ಮಕ್ಕಳು ಐದನೇ ತರಗತಿಗೆ ಕಾಲಿಟ್ಟಾಗ ಇದ್ದಕ್ಕಿದ್ದಂತೆ ವಿಜ್ಞಾನ, ಗಣಿತ ಎಲ್ಲವೂ ಇಂಗ್ಲಿಷ್‌ನಲ್ಲಿ ಎದುರಾದವು. ಉಳಿಯುವ ದಾರಿ ಒಂದೇ ಇತ್ತು: ಕಂಠಪಾಠ.

ಅವಳು ದಕ್ಷಿಣ ಗೋವಾದ ಒಂದು ಹೋಟೆಲಿನಲ್ಲಿ ಕೋಣೆಗಳನ್ನು ಸ್ವಚ್ಛಗೊಳಿಸುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಮುಂಭಾಗದ ಸ್ವಾಗತ ವಿಭಾಗಕ್ಕೆ ಒಳಗಿನವರಿಂದಲೇ ಅರ್ಜಿ ಕರೆದಿದ್ದರು. ಸಂದರ್ಶನದಲ್ಲಿ ಮೊದಲು ಕೇಳುವುದು ಮನೆಯವರ ಬಗ್ಗೆ ಎಂದು ಅದಾಗಲೇ ಹೋಗಿಬಂದವರು ಹೇಳಿದ್ದರು. ಅದನ್ನು ತಯಾರು ಮಾಡಿಕೊಳ್ಳಲು ನನ್ನ ಬಳಿ ಬಂದಳು.

ಕಂಠಪಾಠ ಮುರಿದ ಜಾಗ

ಮೊದಲ ದಿನ ಹೇಳು ಎಂದಾಗ ನಿಂತಲ್ಲೇ ಹತ್ತು ವಾಕ್ಯ ಒಪ್ಪಿಸಿದಳು. ಉಸಿರು ಬಿಡುವ ಜಾಗಗಳೂ ಕಂಠಪಾಠವಾಗಿದ್ದವು. ‘ಮೈ ಫ್ಯಾಮಿಲಿ ಈಸ್ ಎ ಸ್ಮಾಲ್ ಅಂಡ್ ಹ್ಯಾಪಿ ಫ್ಯಾಮಿಲಿ. ಮೈ ಫಾದರ್ ಈಸ್ ಎ ಫಾರ್ಮರ್. ಮೈ ಮದರ್ ಈಸ್ ಎ ಹೌಸ್‌ವೈಫ್.’ ತಪ್ಪಿಲ್ಲದ ಇಂಗ್ಲಿಷ್. ನಾನು ಒಂದು ಪ್ರಶ್ನೆ ಕೇಳಿದೆ: ‘ವಾಟ್ ಡಸ್ ಯುವರ್ ಫಾದರ್ ಗ್ರೋ?’ ಅಪ್ಪ ಏನು ಬೆಳೆಯುತ್ತಾನೆ?

ಅವಳು ಸುಮ್ಮನಾದಳು. ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಕನ್ನಡದಲ್ಲಿ ಕೇಳಿದೆ. ಆಗಲೂ ಸುಮ್ಮನೆ. ಸ್ವಲ್ಪ ಹೊತ್ತಿನ ನಂತರ ಹೇಳಿದಳು: ‘ಟೀಚರ್, ನಮ್ಮ ಅಪ್ಪ ರೈತ ಅಲ್ಲ. ಶಾಲೆಯ ಪ್ರಬಂಧದಲ್ಲಿ ಹಾಗೆ ಇತ್ತು.’

ಅಪ್ಪ ಯಾರು? ಹಿಂದೆ ಕಬ್ಬಿಣದ ಅದಿರನ್ನು ನದಿಯ ಮೂಲಕ ಮುರ್ಮುಗೋವಾ ಬಂದರಿಗೆ ಸಾಗಿಸುವ ಬಾರ್ಜ್‌ನಲ್ಲಿ ಕೂಲಿ. 2012ರಲ್ಲಿ ಗೋವಾದಲ್ಲಿ ಗಣಿಗಾರಿಕೆ ನಿಂತಾಗ ಆ ಕೆಲಸ ಹೋಯಿತು. ಆಮೇಲೆ ಕಟ್ಟಡದ ಕೆಲಸ, ಮಳೆಗಾಲದಲ್ಲಿ ಸಿಕ್ಕಿದ್ದು, ಹಿಂಗಾರಿಯ ಹೊತ್ತಿಗೆ ಊರಿಗೆ ಹೋಗಿ ಅಣ್ಣತಮ್ಮಂದಿರ ಜೊತೆ ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಬಿತ್ತನೆ. ಅಮ್ಮ ‘ಹೌಸ್‌ವೈಫ್’ ಕೂಡ ಅಲ್ಲ. ದಿನಾ ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗಳಿಗೆ ಕೊಡುವಾಕೆ. ಆ ಮನೆ ನಡೆಯುವುದು ಬಹುಪಾಲು ಆ ರೊಟ್ಟಿಯ ಮೇಲೆಯೇ.

ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಹಾಗೇನೂ ಇರಲಿಲ್ಲ. ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಆರು ಹಂತಗಳಿವೆ. ತಳದ ಎ1 ಹಂತದಲ್ಲಿ ಕಲಿಯುವವರು ತಮ್ಮನ್ನೂ ಇತರರನ್ನೂ ಪರಿಚಯಿಸಬೇಕು. ಎಲ್ಲಿ ವಾಸ, ಯಾರು ಪರಿಚಿತರು, ತಮ್ಮ ಬಳಿ ಏನಿದೆ ಎಂದು ಕೇಳಬೇಕು, ಹೇಳಬೇಕು. ಅದರ ಮೇಲಿನ ಎ2 ಹಂತದಲ್ಲಿ ಮನೆಯವರನ್ನು, ಬದುಕುವ ಪರಿಸರವನ್ನು ಸರಳ ವಾಕ್ಯಗಳಲ್ಲಿ ಬಣ್ಣಿಸಬೇಕು. ಓದು ಬರಹದಲ್ಲಿ ಅವಳು ಎ2 ಆರಾಮವಾಗಿ ದಾಟುತ್ತಿದ್ದಳು. ಮಾತಿನಲ್ಲಿ, ಅದೂ ಎದುರಿನವರು ಮರುಪ್ರಶ್ನೆ ಹಾಕಿದರೆ, ಎ1 ಕೂಡ ಕಷ್ಟ. ಓದಿಗೂ ಮಾತಿಗೂ ನಡುವೆ ಇಷ್ಟು ಅಂತರ ಇರುವವರಿಗೆ ಮೊದಲಿಂದ ಅಕ್ಷರ, ಪದ ಕಲಿಸುತ್ತಾ ಕೂತರೆ ಅವರಿಗೆ ಅವಮಾನ, ನಮಗೆ ಕಾಲಹರಣ.

ನನ್ನ ಗಮನ ಹೋದದ್ದು ವಾಕ್ಯದ ಅಚ್ಚಿನ ಮೇಲೆ. ‘ಈಸ್ ಎ’ ಎಂದ ಮೇಲೆ ಅಲ್ಲಿ ಒಂದು ಹುದ್ದೆಯ ಹೆಸರು ಬರಲೇಬೇಕು: ಡಾಕ್ಟರ್, ಟೀಚರ್, ಫಾರ್ಮರ್, ಡ್ರೈವರ್. ಪುಸ್ತಕದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಹುದ್ದೆ ಇರುತ್ತದೆ. ಇಬ್ಬರು ಮಕ್ಕಳು, ಒಂದು ನಾಯಿ, ಎಲ್ಲರೂ ಒಂದೇ ಸೂರಿನಡಿ. ಋತುವಿಗೊಂದು ಕೆಲಸ ಮಾಡುವ ಮನುಷ್ಯನಿಗೆ ಆ ಖಾಲಿ ಜಾಗದಲ್ಲಿ ತುಂಬಲು ಪದವೇ ಇಲ್ಲ. ಹಾಗಾಗಿ ಮಕ್ಕಳು ಮರ್ಯಾದೆಯಾಗಿ ಕಾಣುವ ಯಾವುದಾದರೂ ಹೆಸರನ್ನು ಎರವಲು ತರುತ್ತಾರೆ. ಒಮ್ಮೆ ಎರವಲು ತಂದರೆ ಮುಂದಿನ ಪ್ರಶ್ನೆಗೆ ಬಾಯಿ ಕಟ್ಟುತ್ತದೆ, ಏಕೆಂದರೆ ಇಲ್ಲದ್ದನ್ನು ಕಟ್ಟಿ ಹೇಳುವುದಕ್ಕೆ ಇದ್ದದ್ದನ್ನು ಹೇಳುವುದಕ್ಕಿಂತ ಹೆಚ್ಚು ಭಾಷೆ ಬೇಕು.

ಪರಿಹಾರ ಇಂಗ್ಲಿಷ್‌ನೊಳಗೇ ಇದೆ. ನಾಮಪದ ಬಿಟ್ಟು ಕ್ರಿಯಾಪದ ಹಿಡಿಯುವುದು. ‘ಹೀ ವರ್ಕ್ಸ್ ಅಟ್ ಎ ಬಿಲ್ಡಿಂಗ್ ಸೈಟ್. ಹೀ ಹ್ಯಾಸ್ ಎ ಸ್ಮಾಲ್ ಫಾರ್ಮ್ ಇನ್ ಹಿಸ್ ವಿಲೇಜ್. ಹೀ ಗ್ರೋಸ್ ಜೋಳ.’ ಅಮ್ಮನ ಬಗ್ಗೆ: ‘ಶಿ ಮೇಕ್ಸ್ ರೊಟ್ಟಿ ಅಂಡ್ ಸೆಲ್ಸ್ ಇಟ್.’ ಹುದ್ದೆಯ ಹೆಸರಿಲ್ಲ, ನಾಚಿಕೆಪಡಬೇಕಾದ ಪದವೂ ಇಲ್ಲ, ಸುಳ್ಳೂ ಇಲ್ಲ. ಕೊನೆಯ ವಾಕ್ಯವನ್ನು ಹೇಳಿದ ಮೇಲೆ ಅವಳೇ ಕೇಳಿದಳು: ‘ಇಷ್ಟು ಹೇಳಿದರೆ ನಡೆಯುತ್ತದೆಯಾ ಟೀಚರ್?’ ನಡೆಯುತ್ತದೆ ಎಂದೆ.

‘ಗೆ’ ಹಾಕಿದ ಗಂಟುಗಳು

ಕ್ರಿಯಾಪದಕ್ಕೆ ಹೊರಳಿದ ಕೂಡಲೇ ಇಷ್ಟು ದಿನ ಕಂಠಪಾಠದ ಕೆಳಗೆ ಅಡಗಿದ್ದ ತಪ್ಪುಗಳೆಲ್ಲ ಮೇಲೆ ಬಂದವು. ಅದು ಒಳ್ಳೆಯದೇ, ಕಾಣದ ತಪ್ಪನ್ನು ತಿದ್ದಲಾಗದು.

ಕನ್ನಡದಲ್ಲಿ ಗೆಳತಿಯೊಬ್ಬಳನ್ನು ಬಣ್ಣಿಸುವಾಗ ‘ಗೆ’ ಪ್ರತ್ಯಯ ಎಷ್ಟು ಕೆಲಸ ಮಾಡುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ಅವಳಿಗೆ ಇಬ್ಬರು ತಮ್ಮಂದಿರಿದ್ದಾರೆ. ಅವಳಿಗೆ ಉದ್ದ ಕೂದಲಿದೆ. ಅವಳಿಗೆ ಇಪ್ಪತ್ತು ವರ್ಷ. ಅವಳಿಗೆ ಮೀನು ಇಷ್ಟ. ಅವಳಿಗೆ ಕೋಪ ಬೇಗ ಬರುತ್ತದೆ. ಅವಳಿಗೆ ಕೊಂಕಣಿ ಬರುತ್ತದೆ. ಆರು ವಾಕ್ಯಕ್ಕೂ ಬಾಗಿಲು ಒಂದೇ. ಇಂಗ್ಲಿಷ್‌ನಲ್ಲಿ ಈ ಆರಕ್ಕೆ ಐದು ಬೇರೆ ಬೇರೆ ದಾರಿ: ತಮ್ಮಂದಿರಿಗೂ ಕೂದಲಿಗೂ ‘ಹ್ಯಾಸ್’, ವಯಸ್ಸಿಗೆ ‘ಈಸ್’, ಮೀನಿಗೆ ‘ಲೈಕ್ಸ್’, ಕೋಪಕ್ಕೆ ‘ಗೆಟ್ಸ್ ಆಂಗ್ರಿ’, ಭಾಷೆಗೆ ‘ಸ್ಪೀಕ್ಸ್’. ನಮ್ಮ ಹುಡುಗಿ ‘ಶಿ ಹ್ಯಾಸ್ ಟ್ವೆಂಟಿ ಇಯರ್ಸ್’, ‘ಶಿ ಈಸ್ ಲಾಂಗ್ ಹೇರ್’ ಎನ್ನುತ್ತಿದ್ದುದು ಅಜಾಗರೂಕತೆಯಿಂದ ಅಲ್ಲ. ಕನ್ನಡದಲ್ಲಿ ಒಂದಾಗಿರುವುದನ್ನು ಇಂಗ್ಲಿಷ್ ಎಲ್ಲಿ ಒಡೆಯುತ್ತದೆ ಎಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಈ ಆರು ವಾಕ್ಯಗಳನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಕ್ರಿಯಾಪದವನ್ನಷ್ಟೇ ಬರೆದೆವು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬಾರದು ಎನ್ನುವವರಿದ್ದಾರೆ. ಅವರ ವಾದ ಇಲ್ಲಿ ನಿಲ್ಲುವುದಿಲ್ಲ. ತಪ್ಪು ಹುಟ್ಟಿದ್ದೇ ಕನ್ನಡದ ಅಚ್ಚಿನಿಂದಾದಾಗ ಆ ಅಚ್ಚನ್ನು ಮೇಜಿನ ಮೇಲೆ ಇಡದೆ ತಿದ್ದುವುದು ಹೇಗೆ?

ಇನ್ನೊಂದು ಗಂಟು ‘ಈಸ್’ನದು. ಕನ್ನಡದಲ್ಲಿ ‘ಅವಳು ನನ್ನ ಗೆಳತಿ’ ಎಂದರೆ ಮುಗಿಯಿತು, ಕ್ರಿಯಾಪದ ಬೇಡ. ಹಾಗಾಗಿ ಆರಂಭದಲ್ಲಿ ಎಲ್ಲರೂ ‘ಶಿ ಮೈ ಫ್ರೆಂಡ್’ ಎನ್ನುತ್ತಾರೆ. ಶಾಲೆಯಲ್ಲಿ ‘ಈಸ್ ಬಿಡಬೇಡ’ ಎಂದು ಬೈಸಿಕೊಂಡವರು ಆಮೇಲೆ ಎಲ್ಲದಕ್ಕೂ ಅದನ್ನು ಹಾಕುತ್ತಾರೆ: ‘ಶಿ ಈಸ್ ವರ್ಕ್ ಇನ್ ಹೋಟೆಲ್’, ‘ಶಿ ಈಸ್ ಲೈಕ್ ಫಿಶ್’. ಎರಡನೆಯದನ್ನು ಕೇಳಿ ತರಗತಿಯಲ್ಲಿ ಒಬ್ಬರು ನಕ್ಕರು. ಆ ವಾಕ್ಯಕ್ಕೆ ಇಂಗ್ಲಿಷ್‌ನಲ್ಲಿ ಅರ್ಥವಿದೆ, ಆದರೆ ಅವಳು ಹೇಳಬೇಕೆಂದ ಅರ್ಥವಲ್ಲ; ಗೆಳತಿ ಮೀನಿನಂತಿದ್ದಾಳೆ ಎಂದಾಗುತ್ತದೆ. ಕ್ರಿಯೆ ಇದ್ದಲ್ಲಿ ‘ಈಸ್’ ಬೇಡ, ಗುಣ ಅಥವಾ ಸಂಬಂಧ ಇದ್ದಲ್ಲಿ ಬೇಕು ಎಂಬ ಒಂದೇ ಸೂತ್ರ ಕೊಟ್ಟೆ. ‘ಶಿ ಈಸ್ ಕುಕಿಂಗ್’ ಎಂಬಂಥ ವಾಕ್ಯಗಳು ಈ ಸೂತ್ರಕ್ಕೆ ಒಗ್ಗುವುದಿಲ್ಲ, ನಿಜ. ಆದರೆ ನಿತ್ಯದ ರೂಢಿ ಹೇಳುವುದು ಅಭ್ಯಾಸವಾಗುವವರೆಗೆ ಅವನ್ನು ಬಾಯಿಗೇ ತರಬಾರದೆಂದು ನಿರ್ಧರಿಸಿದೆ.

‘ಲೈಕ್’ ಬಗ್ಗೆ ಹೇಳಲೇಬೇಕು. ‘ವಾಟ್ ಡಸ್ ಶಿ ಲೈಕ್?’ ಎಂದರೆ ಅವಳಿಗೆ ಏನು ಇಷ್ಟ. ‘ವಾಟ್ ಡಸ್ ಶಿ ಲುಕ್ ಲೈಕ್?’ ಎಂದರೆ ನೋಡಲು ಹೇಗಿದ್ದಾಳೆ. ‘ವಾಟ್ ಈಸ್ ಶಿ ಲೈಕ್?’ ಎಂದರೆ ಸ್ವಭಾವ ಹೇಗೆ. ಗೆಳೆಯರನ್ನು ಬಣ್ಣಿಸುವ ಪಾಠದಲ್ಲಿ ಈ ಮೂರೂ ಒಂದೇ ಪುಟದಲ್ಲಿ ಬರುತ್ತವೆ. ಮೂರಕ್ಕೂ ನಮ್ಮ ಹುಡುಗಿಯ ಉತ್ತರ ‘ಶಿ ಲೈಕ್ಸ್ ಬಿರಿಯಾನಿ’. ಬೇರೆಬೇರೆ ದಿನ ಒಂದೊಂದನ್ನೇ ಕೊಟ್ಟರೆ ಸಾಕು ಎಂದು ತೋರುತ್ತದೆ, ಆದರೆ ಸಂದರ್ಶನದಲ್ಲಿ ಅವು ಸಾಲಾಗಿ ಬರಬಹುದು. ಹಾಗಾಗಿ ಕೊನೆಯ ವಾರದಲ್ಲಿ ಮೂರನ್ನೂ ಕಲಸಿ ಕೇಳುತ್ತಿದ್ದೆ.

ಅಜ್ಜ ಎಷ್ಟು ಜನ?

ಅಪ್ಪ ಅಮ್ಮನನ್ನು ಅವಳ ಮನೆಯಲ್ಲಿ ಏಕವಚನದಲ್ಲೇ ಕರೆಯುತ್ತಾರೆ, ಉತ್ತರ ಕರ್ನಾಟಕದಲ್ಲಿ ಅದು ಸಲಿಗೆ. ಹಾಗಾಗಿ ಅವರಿಬ್ಬರ ವಿಷಯದಲ್ಲಿ ‘ಹೀ’, ‘ಶಿ’ ಸಲೀಸು. ಅಜ್ಜನ ಮಾತು ಬಂದಾಗ ಮಾತ್ರ ‘ದೇ’. ‘ಮೈ ಗ್ರ್ಯಾಂಡ್‌ಫಾದರ್ ಲಿವ್ ಇನ್ ವಿಲೇಜ್. ದೇ ಆರ್ ವೆರಿ ಓಲ್ಡ್.’ ಕೇಳಿದವರಿಗೆ ಅಜ್ಜಂದಿರು ಎಷ್ಟು ಜನ ಎಂಬ ಗೊಂದಲ. ಹೋಟೆಲಿನ ಮೇಲ್ವಿಚಾರಕರ ವಿಷಯದಲ್ಲೂ ಹಾಗೆಯೇ. ಹಿರಿಯರಿಗೆ ‘ಹೀ’ ಎನ್ನಲು ಅವಳ ನಾಲಿಗೆ ಏಳುತ್ತಿರಲಿಲ್ಲ. ಇಂಗ್ಲಿಷ್‌ನವರು ರಾಜನಿಗೂ ಕೂಲಿಯವನಿಗೂ ಒಂದೇ ಸರ್ವನಾಮ ಬಳಸುತ್ತಾರೆ ಎಂದು ಹೇಳಿದ ಮೇಲೂ ಕೆಲ ದಿನ ಹಿಂಜರಿದಳು. ಇದರ ಹಿಂದೆ ಇನ್ನೊಂದು ನಷ್ಟವಿತ್ತು. ‘ದೇ’ ಬಂದ ಕೂಡಲೇ ಕ್ರಿಯಾಪದದ ಕೊನೆಯ ‘ಎಸ್’ ಬೀಳುತ್ತದೆ. ಕನ್ನಡದ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುವುದರಿಂದ ‘ವರ್ಕ್ಸ್’, ‘ಲಿವ್ಸ್’ ತುದಿಯ ಸದ್ದು ನಮಗೆ ಮೊದಲೇ ಕಷ್ಟ. ಅದರ ಮೇಲೆ ಗೌರವದ ಬಹುವಚನವೂ ಸೇರಿದರೆ ಉಳಿಯುವುದೇ ಇಲ್ಲ.

ಗೌರವವನ್ನು ಇಂಗ್ಲಿಷ್‌ನಲ್ಲಿ ಎಲ್ಲಿ ತೋರಿಸುವುದು ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಸರ್ವನಾಮದಲ್ಲಿ ಅಲ್ಲ, ಆರಿಸುವ ವಿಶೇಷಣದಲ್ಲಿ. ‘ಓಲ್ಡ್’ ಬದಲು ‘ಎಲ್ಡರ್ಲಿ’, ದಪ್ಪ ಎಂಬುದಕ್ಕೆ ‘ಫ್ಯಾಟ್’ ಬದಲು ‘ಬಿಗ್’ ಅಥವಾ ಏನೂ ಹೇಳದಿರುವುದು. ಮೈಬಣ್ಣದ ಮಾತಂತೂ ಬಿಟ್ಟೇಬಿಡಬೇಕು. ನಮ್ಮ ಕಡೆ ಗೆಳತಿಯನ್ನು ಬಣ್ಣಿಸು ಎಂದರೆ ಮೊದಲ ವಾಕ್ಯವೇ ‘ಶಿ ಈಸ್ ಫೇರ್’ ಅಥವಾ ‘ಶಿ ಈಸ್ ಬ್ಲ್ಯಾಕ್’. ವಧುವರ ಜಾಹೀರಾತಿನ ಅಭ್ಯಾಸ ಇದು. ಹೋಟೆಲಿನ ಸ್ವಾಗತ ವಿಭಾಗದಲ್ಲಿ ಅತಿಥಿಯೊಬ್ಬರನ್ನು ಗುರುತಿಸಿ ಹೇಳುವಾಗ ಈ ಅಭ್ಯಾಸ ಕೆಲಸವನ್ನೇ ಕಳೆಯಬಹುದು. ಎತ್ತರ, ಕೂದಲು, ಕನ್ನಡಕ, ಅಂಗಿಯ ಬಣ್ಣ, ಕೈಯಲ್ಲಿರುವ ಚೀಲ: ಇವಿಷ್ಟರಲ್ಲಿ ಯಾರನ್ನಾದರೂ ಗುರುತಿಸಬಹುದು.

ಮೊಬೈಲಿನ ಚಿತ್ರಗಳು

ಅಭ್ಯಾಸಕ್ಕೆ ಬಳಸಿದ್ದು ಅವರವರ ಮೊಬೈಲಿನಲ್ಲಿದ್ದ ಫೋಟೊಗಳನ್ನು. ಊರ ಜಾತ್ರೆಯದೋ ಮದುವೆಯದೋ ಗುಂಪಿನ ಚಿತ್ರವೊಂದನ್ನು ಮೇಜಿನ ಮೇಲಿಟ್ಟು, ಒಬ್ಬರು ಮನಸ್ಸಿನಲ್ಲಿ ಒಬ್ಬರನ್ನು ಹಿಡಿಯುತ್ತಾರೆ; ಹೆಸರು ಹೇಳದೆ, ಬೆರಳು ತೋರದೆ ಬಣ್ಣಿಸುತ್ತಾರೆ; ಎದುರಿನವರು ಪ್ರಶ್ನೆ ಕೇಳಿ ಪತ್ತೆ ಹಚ್ಚುತ್ತಾರೆ. ಕೇಳುವವರಿಗೆ ನಿಜವಾಗಿ ಗೊತ್ತಿಲ್ಲದ್ದನ್ನು ಹೇಳಬೇಕಾಗಿ ಬಂದಾಗ ಕಂಠಪಾಠ ಕೈಕೊಡುತ್ತದೆ, ಮಾತು ಹುಟ್ಟುತ್ತದೆ. ‘ಡಸ್ ಶಿ ಹ್ಯಾವ್ ಗ್ಲಾಸಸ್?’ ‘ನೋ. ಶಿ ಹ್ಯಾಸ್ ಎ ಗ್ರೀನ್ ಸೀರೆ.’ ಸೀರೆಗೆ ‘ಸಾರಿ’ ಎನ್ನಬೇಕೆಂದು ನಾನು ತಿದ್ದಲಿಲ್ಲ, ಆಟ ನಿಲ್ಲುತ್ತಿತ್ತು.

ಬಂದರಿನಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಮನೆಯ ಹೆಂಗಸರ ಫೋಟೊ ತೋರಿಸಲು ಒಪ್ಪಲಿಲ್ಲ. ಅದು ಅವರ ಹಕ್ಕು. ಹಳೆಯ ದಿನಪತ್ರಿಕೆಗಳ ಚಿತ್ರ ಕತ್ತರಿಸಿ ಕೊಟ್ಟೆ. ಅವರ ಮಟ್ಟಿಗೆ ಅದೇ ಚೆನ್ನಾಗಿ ನಡೆಯಿತು.

ನಮ್ಮ ಹುಡುಗಿಗೆ ಹೆಚ್ಚು ಉಪಯೋಗವಾದದ್ದು ಸಾಕ್ಷಿ ಹೇಳುವ ಪದ್ಧತಿ. ಗೆಳತಿ ‘ಕೈಂಡ್’ ಎಂದ ಕೂಡಲೇ ನಾನು ಕೈ ಚಾಚಿ ಕೇಳುತ್ತಿದ್ದೆ: ಸಾಕ್ಷಿ? ಅವಳು ಒಂದು ರೂಢಿಯ ವಾಕ್ಯ ಕೊಡಬೇಕು. ಅವಳ ಗೆಳತಿ ಅದೇ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಕಾಣಕೋಣದ ಕೊಂಕಣಿ ಹುಡುಗಿ. ಮೊದಲು ಬಂದದ್ದು ‘ಶಿ ಈಸ್ ಕೈಂಡ್. ಶಿ ಈಸ್ ಗುಡ್. ಶಿ ಈಸ್ ನೈಸ್.’ ಮೂರು ವಾಕ್ಯ, ಒಂದೇ ಮಾತು. ಸಾಕ್ಷಿ ಕೇಳುತ್ತಾ ಹೋದ ಮೇಲೆ: ‘ಶಿ ಈಸ್ ಕೈಂಡ್. ಶಿ ಗಿವ್ಸ್ ಮಿ ಹರ್ ಸೀಟ್ ಇನ್ ದ ಬಸ್. ಶಿ ಈಸ್ ಫನ್ನಿ. ಶಿ ಸಿಂಗ್ಸ್ ವೆನ್ ದ ಮ್ಯಾನೇಜರ್ ಈಸ್ ನಾಟ್ ದೇರ್.’ ಕೊನೆಯ ವಾಕ್ಯ ಯಾವ ಪುಸ್ತಕದಲ್ಲೂ ಸಿಗದು. ಅದರಲ್ಲಿ ಒಂದು ಮುಖ ಕಾಣುತ್ತದೆ, ‘ಎಸ್’ ತಾನಾಗಿ ಬಂದಿದೆ, ‘ವೆನ್’ ಸೇರಿ ವಾಕ್ಯ ಉದ್ದವಾಗಿದೆ. ಇದು ಎ2 ಮಟ್ಟದ ಮಾತು, ಹೇಳಿದವಳಿಗೆ ಅದರ ಪರಿವೆ ಇರಲಿಲ್ಲ.

ಪ್ರತಿ ಪಾಠದ ಕೊನೆಗೆ ಒಂದು ನಿಮಿಷ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ಮನೆಗೆ ಹೋಗುವಾಗ ಕೇಳಲು ಹೇಳಿದೆ. ತನ್ನ ‘ಎಸ್’ ಬಿದ್ದ ಜಾಗಗಳನ್ನು ಅವಳು ನನಗಿಂತ ಮೊದಲು ಹಿಡಿಯತೊಡಗಿದಳು.

ಸಂದರ್ಶನದ ದಿನ

ಕೋಣೆಯಲ್ಲಿ ಇಬ್ಬರಿದ್ದರಂತೆ. ನಿರೀಕ್ಷಿಸಿದ್ದ ಪ್ರಶ್ನೆಯೇ ಬಂತು. ಅವಳು ಹೇಳಿದ್ದನ್ನು ನೆನಪಿನಿಂದ ಬರೆದು ತಂದಿದ್ದಳು, ಅದು ನನ್ನ ಬಳಿ ಇದೆ: ಮನೆಯಲ್ಲಿ ಐದು ಜನ, ಅಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಊರಲ್ಲಿ ಹೊಲವಿದೆ, ಅಮ್ಮ ರೊಟ್ಟಿ ಮಾಡಿ ಮಾರುತ್ತಾಳೆ. ‘ರೊಟ್ಟಿ’ ಎಂದ ಕಡೆ ಅವರಲ್ಲೊಬ್ಬರು ನಿಲ್ಲಿಸಿ, ಅದು ಚಪಾತಿಯೇ ಎಂದು ಕೇಳಿದರು. ಇದಕ್ಕೆ ನಾವು ಅಭ್ಯಾಸ ಮಾಡಿರಲಿಲ್ಲ. ಅವಳು ಮನುಷ್ಯರನ್ನು ಬಣ್ಣಿಸಲು ಕಲಿತದ್ದನ್ನೇ ರೊಟ್ಟಿಗೆ ಹಚ್ಚಿದಳು: ‘ನೋ ಸರ್. ಇಟ್ ಈಸ್ ವೈಟ್ ಅಂಡ್ ಥಿನ್. ಇಟ್ ಹ್ಯಾಸ್ ನೋ ಆಯಿಲ್. ಮೈ ಮದರ್ ಮೇಕ್ಸ್ ಇಟ್ ವಿತ್ ಹರ್ ಹ್ಯಾಂಡ್ಸ್.’ ಎಷ್ಟು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ ಎಂದು ಮಾತು ಮುಂದುವರಿಯಿತು. ಅಮ್ಮನನ್ನು ‘ಹೌಸ್‌ವೈಫ್’ ಎಂದಿದ್ದರೆ ಕೇಳಲು ಅವರಿಗೆ ಏನೂ ಇರುತ್ತಿರಲಿಲ್ಲ.

ಎಡವಿದ್ದು ಇನ್ನೊಂದು ಕಡೆ. ತಂದೆ ತಾಯಿ ಗೋವಾದಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದಾಗ ‘ದೇ ಆರ್ ಇನ್ ಗೋವಾ ಸಿನ್ಸ್ ಟ್ವೆಂಟಿಫೈವ್ ಇಯರ್ಸ್’ ಎಂದಳು. ‘ದೇ’ ಈ ಸಲ ಸರಿಯಾದ ಜಾಗದಲ್ಲೇ ಇತ್ತು. ಉಳಿದದ್ದು ಭಾರತದಲ್ಲಿ ಎಲ್ಲರೂ ಮಾಡುವ ತಪ್ಪು, ಅರ್ಥಕ್ಕೆ ಧಕ್ಕೆಯಿಲ್ಲ. ಬಾರ್ಜ್‌ನ ವಿಷಯ ಹೇಳಲು ಹೊರಟವಳು ನಡುವೆಯೇ ನಿಲ್ಲಿಸಿದಳಂತೆ; ಅಪ್ಪ ಮೊದಲು ಏನು ಮಾಡುತ್ತಿದ್ದ, ಈಗ ಯಾಕೆ ಮಾಡುತ್ತಿಲ್ಲ ಎನ್ನಲು ಅವಳ ಬಳಿ ವರ್ತಮಾನ ಕಾಲ ಮಾತ್ರ ಇತ್ತು.

ಸ್ವಾಗತ ಮೇಜಿನ ಕೆಲಸ ಸಿಗಲಿಲ್ಲ. ಹೋಟೆಲಿನ ಒಳಗಿನ ಟೆಲಿಫೋನ್ ವಿಭಾಗದಲ್ಲಿ ತರಬೇತಿಗೆ ತೆಗೆದುಕೊಂಡಿದ್ದಾರೆ, ಆರು ತಿಂಗಳ ನಂತರ ನೋಡೋಣ ಎಂದಿದ್ದಾರೆ. ಅಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ಆಡುವ ಮಾತಿನ ತುದಿ ಸ್ಪಷ್ಟವಾಗಿರಬೇಕು. ‘ಎಸ್’ ಇನ್ನೂ ಅವಸರದಲ್ಲಿ ಬೀಳುತ್ತದೆ. ಈಗ ಭೂತಕಾಲ ಹಿಡಿದಿದ್ದೇವೆ, ‘ಯೂಸ್ಡ್ ಟು’ದಿಂದ ಆರಂಭಿಸಿ: ‘ಮೈ ಫಾದರ್ ಯೂಸ್ಡ್ ಟು ವರ್ಕ್ ಆನ್ ಎ ಬಾರ್ಜ್.’ ಪಠ್ಯಕ್ರಮಗಳಲ್ಲಿ ಇದು ಸಾಮಾನ್ಯವಾಗಿ ಇಷ್ಟು ಬೇಗ ಬರುವುದಿಲ್ಲ. ಜುವಾರಿನಗರದ ಮನೆಗಳನ್ನು ಬಣ್ಣಿಸಲು ಬೇಕಾಗುವುದರಿಂದ ನಾನು ಅದನ್ನು ಮುಂದಕ್ಕೆ ತಂದಿದ್ದೇನೆ, ಇಡೀ ತರಗತಿಗೆ.